ಚರ್ಚಿನ ಹಳೇ ಪೈಪ್ ಆರ್ಗನ್ ಸುಮ್ಮನಾಗಿದೆ. ಮೈಸೂರಿನಲ್ಲೇ ರಿಪೇರಿ ಸಾಧ್ಯವಾ?

ಯಾದವಗಿರಿಯವನು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಹಳೇ ಚರ್ಚಿನ ಕ್ವಾಯರ್‌ನಲ್ಲಿ ಟೆನರ್ ಹಾಡುತ್ತೇನೆ. ಚರ್ಚಿನ ಹೆಸರು ಸದ್ಯಕ್ಕೆ ಬೇಡ. ನಮ್ಮಲ್ಲಿ ಒಂದು ಚಿಕ್ಕ ಪೈಪ್ ಆರ್ಗನ್ ಇದೆ. ಒಂದೇ ಕೀಬೋರ್ಡ್, 56 ಕೀ, ಐದು ಸ್ಟಾಪ್ (ಯಾವ ಸಾಲಿನ ಪೈಪು ನುಡಿಯಬೇಕು ಅಂತ ಆರಿಸಲು ಎಳೆಯುವ ಗುಬ್ಬಿ). ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂತು ಅಂತ ಹಿರಿಯರು ಹೇಳುತ್ತಾರೆ. ಮಾಡಿದವರ ಹೆಸರಿನ ಫಲಕ ಇಲ್ಲ, ಅದರ ಸ್ಕ್ರೂ ತೂತು ಮಾತ್ರ ಉಳಿದಿವೆ.

ಈಗಿನ ಸ್ಥಿತಿ ಇದು. ಗಾಳಿ ಊದುವ ಮೋಟರ್, ಅಂದರೆ ಬ್ಲೋವರ್ ಹಾಕಿದರೆ ಬುಸ್ ಅಂತ ಗಾಳಿ ಸೋರುವ ಸದ್ದು. ಕೀ ಒತ್ತದೇ ಇದ್ದರೂ ಒಂದು ಸ್ವರ ಕೂಗುತ್ತಲೇ ಇರುತ್ತದೆ. ಕೆಳಗಿನ ಸ್ವರಗಳಿಗೆ ಉಸಿರೇ ಇಲ್ಲ. ಮಳೆಗಾಲದಲ್ಲಿ ಎಷ್ಟೋ ಕೀಗಳು ಒತ್ತಿದರೆ ಮೇಲೇಳುವುದಿಲ್ಲ. ಹಾಗಾಗಿ ಬಹಳ ಕಾಲದಿಂದ ಮುಚ್ಚಿಟ್ಟಿದ್ದೇವೆ. ಆರಾಧನೆಯ ಹಾಡೆಲ್ಲ ಎಲೆಕ್ಟ್ರಾನಿಕ್ ಕೀಬೋರ್ಡ್‌ನಲ್ಲೇ ನಡೆಯುತ್ತದೆ.

ಕಮಿಟಿಯಲ್ಲಿ ಒಬ್ಬರು ತೂಕಕ್ಕೆ ಹಾಕಿ ಗುಜರಿಗೆ ಕೊಡೋಣ ಅನ್ನುತ್ತಾರೆ. ಇನ್ನೊಬ್ಬರು ಎದುರಿನ ಪೈಪುಗಳಿಗೆ ಗೋಲ್ಡ್ ಪೇಂಟ್ ಹೊಡೆಸಿ ಅಲಂಕಾರಕ್ಕೆ ಇಟ್ಟುಕೊಳ್ಳೋಣ ಅನ್ನುತ್ತಾರೆ. ನಮ್ಮಂಥ ಕೆಲವರಿಗೆ ಅದರ ದನಿ ಮತ್ತೆ ಕೇಳಬೇಕು ಅಂತ ಆಸೆ. ಯಾರನ್ನು ಕೇಳಬೇಕು? ಎಲ್ಲಿಂದ ಶುರು ಮಾಡಬೇಕು? ಯಾವುದನ್ನು ಮುಟ್ಟಲೇಬಾರದು?

ಲೆಕ್ಕ ಕೇಳುವವ

ಮೊದಲು ಒಂದು ಮಾತು ಹೇಳಿ. ಆರ್ಗನ್ ಮೇಲಿನ ಛಾವಣಿ ಸೋರುತ್ತಿದೆಯಾ? ಸೋರುತ್ತಿದ್ದರೆ ಉಳಿದ ಚರ್ಚೆ ಆಮೇಲೆ. ಎರಡನೇದು, ರಿಪೇರಿ ಆದ ಮೇಲೆ ನುಡಿಸುವವರು ಯಾರು? ದುಡ್ಡು ಸುರಿದು ಸರಿ ಮಾಡಿಸಿ, ಮತ್ತೆ ಬಟ್ಟೆ ಹೊದಿಸಿ ಇಡುವುದಾದರೆ ಅದೇ ದುಡ್ಡನ್ನು ನಾಲ್ಕು ಮಕ್ಕಳ ಕಾಲೇಜು ಫೀಸಿಗೆ ಕೊಡಿ. ಬೇಜಾರು ಮಾಡಿಕೊಳ್ಳಬೇಡಿ, ಕಮಿಟಿಯಲ್ಲಿ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ.

ಹಾರ್ಮೋನಿಯಂ ರಿಪೇರಿ, ಮಂಡ್ಯ

ಅದು ನಿಜವಾಗಿ ಪೈಪ್ ಆರ್ಗನ್ನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ ಸಾರ್. ನಮ್ಮ ಕಡೆ ಎಷ್ಟೋ ಚರ್ಚುಗಳಲ್ಲಿ ಇರುವುದು ಕಾಲಲ್ಲಿ ತುಳಿಯುವ ರೀಡ್ ಆರ್ಗನ್. ಒಳಗೆ ಹಿತ್ತಾಳೆ ರೀಡ್ ಇರುತ್ತವೆ, ಹಾರ್ಮೋನಿಯಂನಲ್ಲಿ ಇರುವ ಜಾತಿಯವೇ. ಕೆಲವಕ್ಕೆ ಅಂದಕ್ಕೆ ಅಂತ ಮೇಲೆ ಸುಳ್ಳು ಪೈಪ್ ಕೂಡ ಜೋಡಿಸಿರುತ್ತಾರೆ. ಕಂಪನಿ ನಾಟಕದ ಕಾಲದ ಲೆಗ್ ಹಾರ್ಮೋನಿಯಂ ರಿಪೇರಿ ಮಾಡಿ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ರೀಡ್ ಆರ್ಗನ್ ಆದರೆ ಮಂಡ್ಯಕ್ಕೆ ತನ್ನಿ, ನಾನೇ ನೋಡುತ್ತೇನೆ. ಪೈಪ್ ಆದರೆ ಕಥೆ ಬೇರೆ.

ಯಾದವಗಿರಿಯವನು

@ಲೆಕ್ಕ ಕೇಳುವವ: ಹಿಂದಿನ ಮೂಲೆಯಲ್ಲಿ ಸೋರುತ್ತದೆ. ಆರ್ಗನ್ ಮೇಲೇ ಅಲ್ಲ, ಆದರೆ ಪಕ್ಕದ ಗೋಡೆ ತೇವ ಇದೆ.

@ಹಾರ್ಮೋನಿಯಂ ರಿಪೇರಿ: ಹಿಂದಿನ ಹಲಗೆ ತೆಗೆದು ನೋಡಿದೆ. ಪೈಪೇ. ಬೂದು ಬಣ್ಣದ ಲೋಹದ ಪೈಪುಗಳು ಸಾಲು ಸಾಲಾಗಿ ನಿಂತಿವೆ, ಕೆಲವು ಪೆನ್ಸಿಲ್‌ಗಿಂತ ಸಣ್ಣ. ಹಿಂದೆ ಚೌಕ ಮರದ ಪೈಪುಗಳು. ದೊಡ್ಡದು ನನ್ನ ಎದೆಮಟ್ಟ ಬರುತ್ತದೆ. ಅದರ ತಲೆಗೆ ಬಿರಡೆ ಹಾಕಿ ಹಿಡಿ ಇಟ್ಟಿದ್ದಾರೆ. ಬಿರಡೆ ಯಾಕೆ? ಸ್ಟಾಪಿನ ಗುಬ್ಬಿಯ ಮೇಲೆ 8, 4, 2 ಅಂತ ಬರೆದಿರುವುದು ಏನು?

ಹಳೇ ಫಿಸಿಕ್ಸ್ ಮೇಷ್ಟ್ರು

ಇದು ನನ್ನ ಪಾಠ. ಪಿಯುಸಿಯಲ್ಲಿ ತೆರೆದ ಕೊಳವೆ, ಮುಚ್ಚಿದ ಕೊಳವೆ ಅಂತ ಓದಿದ್ದು ನೆನಪಿದೆಯಾ? ಪರೀಕ್ಷೆಗೆ ಓದಿ ಎಲ್ಲರೂ ಮರೆತಿದ್ದು ನಿಮ್ಮ ಚರ್ಚಿನಲ್ಲಿ ನಿಂತಿದೆ.

8 ಅಂದರೆ 8 ಅಡಿ. ಆ ಸಾಲಿನ ಅತಿ ಕೆಳಗಿನ ಸ್ವರಕ್ಕೆ ಬೇಕಾದ ತೆರೆದ ಪೈಪಿನ ಉದ್ದ ಅದು. 8 ಅಡಿಯ ಸಾಲು ಪಿಯಾನೋದ ಸಾಮಾನ್ಯ ಮಟ್ಟದಲ್ಲೇ ನುಡಿಯುತ್ತದೆ. 4 ಅಡಿ ಒಂದು ಸ್ಥಾಯಿ ಮೇಲೆ, 2 ಅಡಿ ಎರಡು ಸ್ಥಾಯಿ ಮೇಲೆ. ಒಂದೇ ಕೀ ಒತ್ತಿ ಮೂರೂ ಸ್ಟಾಪ್ ಎಳೆದರೆ ಮೂರು ಸ್ಥಾಯಿಯಲ್ಲಿ ಒಟ್ಟಿಗೆ ಕೇಳುತ್ತದೆ. ಆರ್ಗನ್ನಿನ ಆ ತುಂಬು ದನಿಗೆ ಇದೇ ಕಾರಣ.

ಬಿರಡೆ ಯಾಕೆಂದರೆ ಜಾಗ ಮತ್ತು ದುಡ್ಡು ಉಳಿಸಲು. ಒಂದು ತುದಿ ಮುಚ್ಚಿದರೆ ಅರ್ಧ ಉದ್ದದ ಪೈಪಿನಲ್ಲೇ ಅದೇ ಸ್ವರ ಬರುತ್ತದೆ. ನಿಮ್ಮ ಎದೆಮಟ್ಟದ ಪೈಪ್ 8 ಅಡಿಯ ಕೆಲಸ ಮಾಡುತ್ತಿದೆ. ಆದರೆ ಮುಚ್ಚಿದ ಪೈಪಿನಲ್ಲಿ ಬೆಸ ಸಂಖ್ಯೆಯ ಉಪಸ್ವರಗಳೇ ಮುಖ್ಯ. ಅದಕ್ಕೇ ಅದರ ದನಿ ಸ್ವಲ್ಪ ಟೊಳ್ಳು, ಮೆತ್ತಗೆ.

ಮಕ್ಕಳನ್ನು ಕರೆದುಕೊಂಡು ಬಂದು ತೋರಿಸಲು ಅವಕಾಶ ಕೊಡುತ್ತೀರಾ? ಗುಜರಿಗೆ ಹಾಕುವ ಮೊದಲೇ ಕೇಳುತ್ತಿದ್ದೇನೆ.

ಹುಣಸೂರು ಟು ಜರ್ಮನಿ

ಈ ಕೆಲಸ ಕಲಿತವನು ನಾನು. ಜರ್ಮನಿಯಲ್ಲಿ ಆರ್ಗನ್ ಕಟ್ಟುವವರ ತರಬೇತಿ ಮೂರೂವರೆ ವರ್ಷ. ಕೆಲಸ ಕಾರ್ಖಾನೆಯಲ್ಲಿ, ಪಾಠ ಲುಡ್ವಿಗ್ಸ್‌ಬರ್ಗ್ ಊರಿನ ವೃತ್ತಿಶಾಲೆಯಲ್ಲಿ. 2017ರಲ್ಲಿ ಯುನೆಸ್ಕೋ ಜರ್ಮನಿಯ ಈ ಕಸುಬನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕಲಿತದ್ದರಲ್ಲಿ ನಿಮಗೆ ಬೇಕಾದ್ದು ಒಂದೇ ಮಾತು: ಪೈಪ್ ಮುಟ್ಟಬೇಡಿ, ಮೊದಲು ಗಾಳಿ ನೋಡಿ.

ನೀವು ಹೇಳಿದ ಲಕ್ಷಣಗಳಲ್ಲಿ ಮುಖ್ಯವಾದವು ಗಾಳಿಯವು. ಪೈಪುಗಳಿಗೆ ಬಹುಶಃ ಏನೂ ಆಗಿಲ್ಲ. ಲೋಹದ ಪೈಪು ಗಟ್ಟಿಯಾಗಿ ನಿಂತುಬಿಟ್ಟರೆ ನೂರಾರು ವರ್ಷ ಬಾಳುತ್ತದೆ. ಹಾಳಾಗುವುದು ಚರ್ಮ. ಗಾಳಿ ತುಂಬಿಕೊಳ್ಳುವ ತಿದಿಯ ಮಡಿಕೆ, ಅದರಲ್ಲೂ ಮೂಲೆಯ ಚರ್ಮ ಒಣಗಿ ಬಿರಿಯುತ್ತದೆ. ಕೆಳಗಿನ ಸ್ವರಗಳಿಗೆ ಗಾಳಿ ಜಾಸ್ತಿ ಬೇಕು, ಅದಕ್ಕೇ ಅವು ಮೊದಲು ಸೋಲುತ್ತವೆ.

ಒಂದು ಪರೀಕ್ಷೆ ಮಾಡಿ. ಬ್ಲೋವರ್ ಹಾಕಿ ತಿದಿ ಪೂರ್ತಿ ಏಳಲಿ. ಕೀ ಯಾವುದನ್ನೂ ಒತ್ತಬೇಡಿ, ಸ್ಟಾಪ್ ಎಲ್ಲಾ ಒಳಗಿರಲಿ. ಬ್ಲೋವರ್ ಆರಿಸಿ. ತಿದಿ ನಿಧಾನಕ್ಕೆ ಇಳಿದರೆ ಆರೋಗ್ಯ ಪರವಾಗಿಲ್ಲ. ಆರಿಸಿದ ಕೂಡಲೇ ದೊಪ್ಪನೆ ಕುಸಿದರೆ ಸೋರಿಕೆ ದೊಡ್ಡದು. ಎಲ್ಲಿ ಅಂತ ಹುಡುಕಲು ಒಂದು ಊದುಬತ್ತಿ ಸಾಕು. ಮಡಿಕೆಗಳ ಉದ್ದಕ್ಕೂ, ಕೊಳವೆಯ ಜೋಡಣೆಗಳ ಹತ್ತಿರ ಹಿಡಿಯಿರಿ, ಹೊಗೆ ಬಾಗಿದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಬೆಂಕಿ ಒಣ ಚರ್ಮಕ್ಕೆ ತಾಗದಂತೆ ದೂರ ಇರಲಿ, ಪಕ್ಕದಲ್ಲಿ ಒಬ್ಬರು ನೀರು ಹಿಡಿದು ನಿಲ್ಲಲಿ.

ಒತ್ತಡ ಅಳೆಯಲು ಯಂತ್ರ ಬೇಡ. ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತದಲ್ಲ, ಅದನ್ನೇ ಯು ಆಕಾರಕ್ಕೆ ಬಗ್ಗಿಸಿ. ಒಂದು ತುದಿಯನ್ನು ಸಣ್ಣ ಪೈಪ್ ತೆಗೆದ ತೂತಿಗೆ ಗಾಳಿ ಹೋಗದಂತೆ ಹಿಡಿದು, ಆ ಕೀ ಒತ್ತಿ, ಆ ಸಾಲಿನ ಸ್ಟಾಪ್ ಎಳೆಯಿರಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಇಂಥ ಚಿಕ್ಕ ಆರ್ಗನ್ನಿಗೆ ಸಾಮಾನ್ಯವಾಗಿ 3 ಇಂಚಿನ ಆಸುಪಾಸು. ಎಷ್ಟು ಬಂತು ಅಂತ ಬರೆದಿಡಿ. ತಿದಿಯ ಮೇಲಿರುವ ಕಬ್ಬಿಣದ ತೂಕಗಳನ್ನು ಮಾತ್ರ ಅಲ್ಲಾಡಿಸಬೇಡಿ. ಒತ್ತಡ ನಿಗದಿ ಮಾಡುವುದು ಅವೇ, ಪೈಪುಗಳ ದನಿಯನ್ನು ಆ ಒತ್ತಡಕ್ಕೆ ಕೂರಿಸಿರುತ್ತಾರೆ.

ಹಳೇ ಫಿಸಿಕ್ಸ್ ಮೇಷ್ಟ್ರು

3 ಇಂಚು ನೀರು! ವಾತಾವರಣದ ಒತ್ತಡವೇ ಸುಮಾರು 10.3 ಮೀಟರ್ ನೀರು. ಅಂದರೆ ಅದರ ನೂರರಲ್ಲಿ ಒಂದು ಭಾಗವೂ ಅಲ್ಲದ ಗಾಳಿಯಲ್ಲಿ ಇಡೀ ಚರ್ಚು ತುಂಬುವ ದನಿ. ತರಗತಿಯಲ್ಲಿ ಇದನ್ನು ಹೇಳದೆ ಬಿಟ್ಟೆವಲ್ಲ.

ಮಂಡಿ ಮೊಹಲ್ಲಾ ಮರಗೆಲಸ

ಪೈಪುಗಳು ನಿಂತಿರುವ ಗಾಳಿ ಪೆಟ್ಟಿಗೆ, ತಿದಿಯ ಹಲಗೆ ಯಾವ ಮರ? ತೇಗ ಆದರೆ ನಿಮ್ಮ ಅದೃಷ್ಟ. ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಮಳೆ-ಬಿಸಿಲಿಗೆ ಜಾಸ್ತಿ ತಿರುಚುವುದಿಲ್ಲ. ಜೋಡಣೆಯಲ್ಲಿ ಅಂಟಿನ ಜೊತೆ ಹಿತ್ತಾಳೆ ಸ್ಕ್ರೂ ಇದೆಯಾ ನೋಡಿ.

ನಾವು ಬೀಟೆ ಮರದ ಇನ್‌ಲೇ ಮಾಡುವವರು. ಕೂದಲೆಳೆ ಸಂದು ಕೂಡ ಕಣ್ಣಿಗೆ ಬೀಳುತ್ತದೆ. ಇಂಥ ಕೆಲಸಕ್ಕೆ ಇಂಗ್ಲೆಂಡಿನಿಂದ ಜನ ಬರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೈಸೂರಿನಲ್ಲಿ ವೀಣೆ ಮಾಡುವವರಿದ್ದಾರೆ, ಬಾಗಿಲಿಗೆ ಕೆತ್ತನೆ ಮಾಡುವವರಿದ್ದಾರೆ. ಏನು ಮಾಡಬೇಕು ಅಂತ ಸರಿಯಾಗಿ ಹೇಳುವವರು ಬೇಕು ಅಷ್ಟೇ.

ಹುಣಸೂರು ಟು ಜರ್ಮನಿ

ಅಣ್ಣ, ನೂರಕ್ಕೆ ನೂರು ಒಪ್ಪುತ್ತೇನೆ. ಬ್ರಿಟಿಷ್ ಕಂಪನಿಗಳು ಬಿಸಿ ದೇಶಕ್ಕೆ ಕಳಿಸುವ ಆರ್ಗನ್ನುಗಳಿಗೆ ತೇಗ ಹಾಕಿ, ಅಂಟಿನ ಜೊತೆ ಸ್ಕ್ರೂ ಬಿಗಿಯುತ್ತಿದ್ದರು. ತೇವಕ್ಕೆ ಅಂಟು ಬಿಟ್ಟರೂ ಜೋಡಣೆ ನಿಲ್ಲಲಿ ಅಂತ. ಇದರ ಮೇಲೆ ಇದು ನಮ್ಮ ಕಡೆಗೇ ಅಂತ ಮಾಡಿದ್ದಾ, ಅಲ್ಲಿ ಬಳಸಿ ಬಿಟ್ಟದ್ದು ಬಂತಾ ಅಂತ ಒಂದು ಅಂದಾಜು ಸಿಗುತ್ತದೆ.

ಯುರೋಪಿನಲ್ಲಿ ಓಕ್ ಮರದ ಗಾಳಿ ಪೆಟ್ಟಿಗೆ ಜಾಸ್ತಿ. ಓಕ್ ಮರ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಅದರಿಂದ ಸೀಸ ಜಾಸ್ತಿ ಇರುವ ಹಳೇ ಪೈಪುಗಳ ಕಾಲು, ಅಂದರೆ ಬುಡ, ತಿಂದುಹೋಗಿ ಅಲ್ಲಿ ದೊಡ್ಡ ತಲೆನೋವು ಆಗಿದೆ.

ಮರಗೆಲಸದವರಿಗೆ ಒಂದೇ ವಿನಂತಿ. ಫೆವಿಕಾಲ್ ಬೇಡ. ಮಂಚಕ್ಕೆ, ಬೀರುವಿಗೆ ಒಳ್ಳೆಯದು. ಆರ್ಗನ್ನಿನ ಚರ್ಮಕ್ಕೆ ಪ್ರಾಣಿಗಳ ತೊಗಲಿನಿಂದ ಮಾಡಿದ, ಬಿಸಿ ಮಾಡಿ ಹಚ್ಚುವ ಅಂಟೇ ಬೇಕು. ಆ ಒಣ ಅಂಟಿನ ಹಳಕನ್ನು (ಚೂರುಗಳನ್ನು) ತಣ್ಣೀರಲ್ಲಿ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 ಡಿಗ್ರಿಯ ಸುತ್ತ ಕಾಯಿಸಿ. ಕುದಿಸಿದರೆ ಕಸುವು ಹೋಗುತ್ತದೆ. ಇದರ ಲಾಭ ಏನೆಂದರೆ ಮುಂದೆ ಯಾವಾಗಲಾದರೂ ಬಿಚ್ಚಬೇಕಾದರೆ ಬಿಸಿ ಮತ್ತು ತೇವ ಕೊಟ್ಟರೆ ಬಿಟ್ಟುಕೊಡುತ್ತದೆ. ಈ ಕೆಲಸ ಐವತ್ತು ವರ್ಷದ ಮೇಲೆ ಮತ್ತೆ ಯಾರೋ ಮಾಡಲೇಬೇಕು. ಅವರಿಗೆ ಮರ ಕಿತ್ತುಬರುವಂಥ ಅಂಟು ಬಿಟ್ಟುಹೋಗಬಾರದು.

ಹಾರ್ಮೋನಿಯಂ ರಿಪೇರಿ, ಮಂಡ್ಯ

ಚರ್ಮಾನೇ ಯಾಕೆ ಬೇಕು? ನಾವು ಹಾರ್ಮೋನಿಯಂ ತಿದಿಗೆ ರೆಕ್ಸಿನ್ ಹಾಕುತ್ತೇವೆ. ಇಲಿ ತಿನ್ನುವುದಿಲ್ಲ, ಬೆಲೆಯೂ ಕಮ್ಮಿ. ಕುರುಕ್ಷೇತ್ರ ನಾಟಕದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ತನಕ ಬಾರಿಸಿದರೂ ಏನೂ ಆಗುವುದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಇಲ್ಲದ ಊರು ಹುಡುಕಿ ನೋಡೋಣ.

ಹುಣಸೂರು ಟು ಜರ್ಮನಿ

ಹಾರ್ಮೋನಿಯಂ ತಿದಿ ಅಂಗೈ ಅಗಲ, ಹತ್ತು ವರ್ಷಕ್ಕೊಮ್ಮೆ ಬದಲಿಸಿದರೂ ಯಾರಿಗೂ ಭಾರ ಅಲ್ಲ. ಇಲ್ಲಿ ತಿದಿ ಒಂದು ಮಂಚದಷ್ಟು, ಅದನ್ನು ಬಿಚ್ಚಬೇಕಾದರೆ ಅದರ ಮೇಲಿರುವ ಆರ್ಗನ್ ಅರ್ಧ ಇಳಿಸಬೇಕು. ರೆಕ್ಸಿನ್ ಮಡಿಕೆಯಲ್ಲಿ ಬಿರಿಯುತ್ತದೆ. ರಬ್ಬರ್ ಹಚ್ಚಿದ ಬಟ್ಟೆಯನ್ನು ಕೆಲವರು ಆರ್ಗನ್ನಿಗೂ ಬಳಸುತ್ತಾರೆ, ಆದರೆ ಅದರ ಆಯಸ್ಸು ಕಮ್ಮಿ.

ಬೇಕಾದ್ದು ತೆಳ್ಳಗಿನ, ಮೆತ್ತನೆಯ ಹದ ಮಾಡಿದ ಕುರಿ ಚರ್ಮ. ತಬಲ, ಮೃದಂಗಕ್ಕೆ ಹಾಕುವ ಹಸಿ ತೊಗಲು ಆಗುವುದಿಲ್ಲ, ಅದು ಬಿರುಸು. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಕಡೆ ಹದ ಮಾಡುವವರು ಬೇಕಾದಷ್ಟಿದ್ದಾರೆ, ಮೈಸೂರಿನಿಂದ ದೂರವೇನಲ್ಲ. ಕೊಳ್ಳುವಾಗ ತುಂಡನ್ನು ತುಟಿಗೆ ಒತ್ತಿ ಹೀರಿ ನೋಡಿ. ಗಾಳಿ ಬಂದರೆ ಅದು ಬೇಡ. ಅಂಗಡಿಯವರು ನಗುತ್ತಾರೆ, ನಗಲಿ.

ಮತ್ತೆ ನಿಮ್ಮನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಕೀಗಳ ಕೆಳಗಿನ ಸ್ಪ್ರಿಂಗ್, ಪ್ಯಾಲೆಟ್ ಅನ್ನುವ ಚಿಕ್ಕ ಮುಚ್ಚಳ, ಅದರ ಮೇಲಿನ ಚರ್ಮ, ಇದೆಲ್ಲ ನಿಮ್ಮ ಕೈ ದಿನಾ ಮಾಡುವ ಕೆಲಸ. ಕೀ ಒತ್ತದೆ ಕೂಗುವ ಸ್ವರಕ್ಕೆ ನಾವು ಸೈಫರ್ ಅನ್ನುತ್ತೇವೆ. ಸಾಮಾನ್ಯವಾಗಿ ಮುಚ್ಚಳದ ಕೆಳಗೆ ಒಂದು ಚೂರು ಕಸ, ಅಥವಾ ಸ್ಪ್ರಿಂಗ್ ಸೋತಿರುವುದು. ಹಾರ್ಮೋನಿಯಂನಲ್ಲಿ ಇದೇ ತೊಂದರೆಯನ್ನು ನೀವು ಎಷ್ಟು ಸಾರಿ ಸರಿ ಮಾಡಿಲ್ಲ?

ಹಾರ್ಮೋನಿಯಂ ರಿಪೇರಿ, ಮಂಡ್ಯ

ಅದು ನಿಜ. ಒಂದು ಭಾನುವಾರ ಬಿಟ್ಟು ಯಾವ ದಿನ ಕರೆದರೂ ಬರುತ್ತೇನೆ. ರೆಕ್ಸಿನ್ ವಿಷಯದಲ್ಲಿ ಮಾತ್ರ ಎದುರಿಗೆ ಕೂತು ಮಾತಾಡೋಣ.

ಲೆಕ್ಕ ಕೇಳುವವ

ಎಲ್ಲಾ ಸರಿ. ಚರ್ಮ, ಅಂಟು, ಕೂಲಿ, ಊರಿಂದೂರಿಗೆ ಓಡಾಟ. ಎರಡು ಲೌಡ್‌ಸ್ಪೀಕರ್ ಜೊತೆ ಒಂದು ಒಳ್ಳೆ ಡಿಜಿಟಲ್ ಆರ್ಗನ್ ತಂದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಜನಕ್ಕೆ ವ್ಯತ್ಯಾಸ ಗೊತ್ತಾಗುತ್ತದಾ?

ಆಲ್ಟೋ ಅಕ್ಕ

ಗೊತ್ತಾಗುತ್ತದೆ. ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಪೈಪ್ ಆರ್ಗನ್ ಇದೆ. ಹೋಗಿ ಕೂತು ಕೇಳಿ. ಸ್ಪೀಕರಿನ ದನಿ ಒಂದು ಮೂಲೆಯಿಂದ ಬರುತ್ತದೆ. ಇದು ನೂರಾರು ಬಾಯಿಂದ ಹೊರಟು ಕಟ್ಟಡದ ಗಾಳಿಯನ್ನೇ ಅಲ್ಲಾಡಿಸುತ್ತದೆ. ಹಾಡುವವರಿಗೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ನಮ್ಮ ದನಿಗೆ ಕೆಳಗಿನಿಂದ ಆಸರೆ ಸಿಕ್ಕ ಹಾಗೆ ಇರುತ್ತದೆ, ಕಿರುಚಬೇಕಾಗುವುದಿಲ್ಲ. ಎಲೆಕ್ಟ್ರಾನಿಕ್ಸ್ ಹದಿನೈದು ಇಪ್ಪತ್ತು ವರ್ಷದಲ್ಲಿ ಹಳತಾಗುತ್ತದೆ, ಆಮೇಲೆ ಬೋರ್ಡು ಸಿಗುವುದಿಲ್ಲ. ನಮ್ಮ ಚರ್ಚಿನ ಸ್ಟೋರಿನಲ್ಲೇ ಅಂಥ ಎರಡು ಕೀಬೋರ್ಡ್ ಬಿದ್ದಿವೆ.

ಯಾರು ನುಡಿಸುತ್ತಾರೆ ಅಂದಿರಿ. ನ್ಯಾಯವಾದ ಪ್ರಶ್ನೆ. ಪಿಯಾನೋ ಪರೀಕ್ಷೆ ಕಟ್ಟುವ ಮಕ್ಕಳು ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ. ಕಾಲಲ್ಲಿ ನುಡಿಸುವ ಪೆಡಲ್ ಸಾಲಿಲ್ಲದ ಆರ್ಗನ್ ಅವರಿಗೆ ಕಷ್ಟ ಅಲ್ಲ. ಈ ಊರಿಗೆ ಪಾಶ್ಚಾತ್ಯ ಸಂಗೀತ ಹೊಸದೂ ಅಲ್ಲ. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು.

ಇನ್ನೊಂದು ಮಾತು. ಕನ್ನಡ ಕೀರ್ತನೆಗಳಿಗೆ ಆರ್ಗನ್ ಹೊಂದುವುದಿಲ್ಲ ಅನ್ನುವವರಿದ್ದಾರೆ. ಗಮಕ ಬರುವುದಿಲ್ಲ, ಸರಿ. ಆದರೆ ಬಿರಡೆ ಹಾಕಿದ 8 ಅಡಿ ಸ್ಟಾಪ್ ಒಂದನ್ನೇ ಎಳೆದು ಸ-ಪ ಹಿಡಿದು ಬಿಡಿ. ಅದಕ್ಕಿಂತ ಒಳ್ಳೆ ಶ್ರುತಿ ಎಲ್ಲಿದೆ? ಕೀರ್ತನೆ ಹಾಡುವವರು ಅದರ ಮೇಲೆ ಹಾಯಾಗಿ ಹಾಡಬಹುದು.

ಯಾದವಗಿರಿಯವನು

ಊದುಬತ್ತಿ ಪರೀಕ್ಷೆ ಮಾಡಿದೆವು. ತಿದಿ ಕೂಡಲೇ ಕುಸಿಯಿತು. ಬಲಗಡೆ ಎರಡು ಮೂಲೆಯಲ್ಲಿ ಹೊಗೆ ಜೋರಾಗಿ ಹಾರುತ್ತದೆ. ಹಿಂದೆ ಯಾರೋ ಅಲ್ಲಿ ಪ್ಲಾಸ್ಟಿಕ್ ಟೇಪ್ ಸುತ್ತಿದ್ದಾರೆ, ಅದೂ ಬಿಟ್ಟುಕೊಂಡಿದೆ. ಒತ್ತಡ ಎರಡು ಇಂಚಿನ ಹತ್ತಿರ ತೂಗಾಡುತ್ತದೆ, ಒಂದು ಕಡೆ ನಿಲ್ಲುವುದಿಲ್ಲ.

ಗಾಳಿ ಪೆಟ್ಟಿಗೆಯ ಹಲಗೆ ತೇಗ. ಹಿತ್ತಾಳೆ ಸ್ಕ್ರೂ ಇವೆ! ಕೆಲವು ಪೈಪಿನ ಬಾಯಲ್ಲಿ ಕಡಜದ ಮಣ್ಣಿನ ಗೂಡು. ಬ್ರಷ್ ಹಾಕಿ ಕೆರೆಯಬಹುದಾ?

ಹುಣಸೂರು ಟು ಜರ್ಮನಿ

ಬೇಡ ಬೇಡ. ಪೈಪಿನ ಬಾಯಿ ಅಂದರೆ ಅದರ ದನಿ ಹುಟ್ಟುವ ಜಾಗ. ತುಟಿ ಎಷ್ಟು ಎತ್ತರಕ್ಕೆ ಕತ್ತರಿಸಿದೆ, ಒಳಗಿನ ನಾಲಗೆ ಹಲಗೆಯ ಅಂಚು ಎಲ್ಲಿ ಕೂತಿದೆ, ಅದರಲ್ಲಿ ಎಷ್ಟು ಸಣ್ಣ ಗೀರು ಹಾಕಿದ್ದಾರೆ, ಎಲ್ಲಾ ಕೂದಲೆಳೆಯ ಲೆಕ್ಕ. ಮಾಡಿದವನು ಕಿವಿಯಿಂದ ಕೇಳಿ ಕೇಳಿ ಕೂರಿಸಿದ್ದು. ಕೆರೆದರೆ ಆ ಸ್ವರ ಹೋಯಿತು. ಸೀಸ-ತವರದ ಲೋಹ ಎಷ್ಟು ಮೆತ್ತಗೆ ಅಂದರೆ ಉಗುರಿನ ಗುರುತು ಬೀಳುತ್ತದೆ.

ಗೂಡಿರುವ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎತ್ತಿ. ಮಲಗಿಸುವಾಗ ಕೆಳಗೆ ಮೆತ್ತನೆ ಬಟ್ಟೆ. ಮಣ್ಣಿಗೆ ಸ್ವಲ್ಪ ನೀರು ತಾಗಿಸಿ, ನೆನೆದ ಮೇಲೆ ತಾನೇ ಬೀಳಲು ಬಿಡಿ. ಮರದ ಪೈಪಾದರೆ ನೀರು ಬೇಡ, ಒಣ ಮರದ ಕಡ್ಡಿ ಸಾಕು. ಪ್ರತಿ ಪೈಪಿನ ಮೇಲೂ ಸ್ವರದ ಅಕ್ಷರ ಕೆತ್ತಿರುತ್ತದೆ. ಆದರೂ ನಿಮ್ಮದೇ ಸಾಲು-ಸಂಖ್ಯೆಯ ಚೀಟಿ ಕಟ್ಟಿ, ಫೋಟೋ ತೆಗೆದು, ನಂತರ ಎತ್ತಿ. ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸೀಸ ಅದು. ಅಲ್ಲಿ ಕೂತು ಕಾಫಿ, ವಡೆ ಬೇಡ. ಚಿಕ್ಕ ಮಕ್ಕಳನ್ನು ದೂರ ಇಡಿ.

ಗೋಲ್ಡ್ ಪೇಂಟ್ ಹೊಡೆಸಲು ಹೊರಟವರಿಗೂ ಇದನ್ನೇ ಹೇಳಿ. ಎದುರಿನ ಪೈಪುಗಳ ಬಣ್ಣದ ಕೆಳಗೆ ಹಳೇ ಚಿತ್ತಾರ ಇರಬಹುದು. ಒಮ್ಮೆ ಹೊಡೆದರೆ ತೆಗೆಯುವುದು ಹೊಡೆದದ್ದಕ್ಕಿಂತ ಹತ್ತು ಪಟ್ಟು ಕೆಲಸ.

ಟೇಪ್ ಸುತ್ತಿದವರನ್ನು ಬೈಯಬೇಡಿ. ಪೇಪರ್, ಟೇಪ್, ಸೈಕಲ್ ಟ್ಯೂಬ್, ಎಲ್ಲಾ ದೇಶದಲ್ಲೂ ನೋಡಿದ್ದೇನೆ.

ರಂಗನತಿಟ್ಟು

ಆರ್ಗನ್ ಅಂದರೆ ಚರ್ಚಿನದು, ಹೊರಗಿನದು ಅಂತ ಯಾರೋ ಅನ್ನುವ ಮೊದಲು ನಮ್ಮ ಶ್ರೀರಂಗಪಟ್ಟಣದ ಮಾತು ಹೇಳಿಬಿಡುತ್ತೇನೆ. ಟಿಪ್ಪುವಿನ ಹುಲಿ ಗೊತ್ತಲ್ಲ? ಯುರೋಪಿಯನ್ ಮನುಷ್ಯನ ಮೇಲೆ ಬಿದ್ದಿರುವ ಮರದ ಹುಲಿ. ಅದರ ಹೊಟ್ಟೆಯೊಳಗೆ ಒಂದು ಪೈಪ್ ಆರ್ಗನ್ ಇದೆ. ಪಕ್ಕೆಯ ಮುಚ್ಚಳ ತೆರೆದರೆ 18 ದಂತದ ಕೀಗಳು. ಹಿಡಿ ತಿರುಗಿಸಿದರೆ ಒಂದು ತಿದಿ ಮನುಷ್ಯನ ಗಂಟಲಿನ ಪೈಪಿಗೆ ಊದುತ್ತದೆ, ಅವನು ನರಳುತ್ತಾನೆ, ಕೈ ಎತ್ತುತ್ತಾನೆ. ಇನ್ನೊಂದು ಹುಲಿಯ ತಲೆಯೊಳಗಿನ ಎರಡು ಸ್ವರದ ಪೈಪಿಗೆ, ಹುಲಿ ಗುರುಗುಟ್ಟುತ್ತದೆ.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಸಾಗಿಸಿದರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ನೋಡಲು ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಿದ್ದವರಿಗೆ ತಲೆ ಚಿಟ್ಟು ಹಿಡಿಯಿತಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಮಾಳಿಗೆ ಕುಸಿದು ಹುಲಿ ಚೂರುಚೂರಾಯಿತು. ಚೂರುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದ್ದಾರೆ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಅಂಥದ್ದನ್ನೇ ಕೂಡಿಸಿದ್ದಾರೆ ಅಂದ ಮೇಲೆ ತಿದಿಯ ಎರಡು ಮೂಲೆ ಯಾವ ಲೆಕ್ಕ?

ಲೆಕ್ಕ ಕೇಳುವವ

ಅದಕ್ಕೆ ಮ್ಯೂಸಿಯಂ ದುಡ್ಡಿತ್ತು ಸ್ವಾಮಿ.

ಮಂಡಿ ಮೊಹಲ್ಲಾ ಮರಗೆಲಸ

ನನಗೊಂದು ಅನುಮಾನ. ಮುರಿದುಹೋದ ಪೈಪುಗಳಿಗೆ ಬಿದಿರು ಹಾಕಬಹುದಾ? ಕೊಳಲಿಗೆ ಆಗುತ್ತದೆ ಅಂದ ಮೇಲೆ ಇದಕ್ಕೆ ಯಾಕಾಗಬಾರದು?

ಹುಣಸೂರು ಟು ಜರ್ಮನಿ

ಹೊಸ ಆರ್ಗನ್ ಕಟ್ಟುವುದಾದರೆ ಖಂಡಿತ ಆಗುತ್ತದೆ. ಫಿಲಿಪ್ಪೀನ್ಸ್ ದೇಶದ ಲಾಸ್ ಪಿನ್ಯಾಸ್ ಊರಿನ ಚರ್ಚಿನಲ್ಲಿ ಬಿದಿರಿನ ಆರ್ಗನ್ ಇದೆ. ದಿಯೆಗೋ ಸೆರಾ ಅನ್ನುವ ಪಾದ್ರಿ 1816ರಲ್ಲಿ ಶುರು ಮಾಡಿ 1824ಕ್ಕೆ ಮುಗಿಸಿದರು. ಒಟ್ಟು 1031 ಪೈಪು, ಅದರಲ್ಲಿ 902 ಬಿದಿರು. ಹುಳ ಹಿಡಿಯದಿರಲಿ ಅಂತ ಬಿದಿರನ್ನು ಸಮುದ್ರದ ದಂಡೆಯ ಮರಳಲ್ಲಿ ಹೂತಿಟ್ಟಿದ್ದರಂತೆ. ಭೂಕಂಪ, ಬಿರುಗಾಳಿ ಎಲ್ಲಾ ಕಂಡು ಹಾಳಾದ ಮೇಲೆ 1973ರಲ್ಲಿ ಜರ್ಮನಿಯ ಬಾನ್ ಊರಿಗೆ ಕಳಿಸಿ, ಕ್ಲೈಸ್ ಕಂಪನಿಯಲ್ಲಿ ಸರಿ ಮಾಡಿಸಿ, 1975ರಲ್ಲಿ ವಾಪಸ್ ತಂದರು. ಇವತ್ತಿಗೂ ನುಡಿಯುತ್ತಿದೆ.

ಆದರೆ ಇವರ ಆರ್ಗನ್ನಿಗೆ ಬಿದಿರು ಸೇರಿಸಬೇಡಿ. ಒಂದು ಸಾಲಿನ ದನಿ ಮೊದಲಿನಿಂದ ಕೊನೆಯ ತನಕ ಒಂದೇ ಕುಟುಂಬದ್ದಾಗಿರಬೇಕು. ಕಾಣೆಯಾದ ಪೈಪಿನ ಜಾಗ ಖಾಲಿ ಇರಲಿ. ಮರದ ಪೈಪ್ ಒಡೆದಿದ್ದರೆ ಮಾತ್ರ ನೀವು ಕೈ ಹಾಕಿ. ನೋಡಿ, ಮಧ್ಯದ ಸ ಸ್ವರಕ್ಕೆ, ಅಂದರೆ ಕೀಬೋರ್ಡಿನ ನಡುವಿನ ಬಿಳಿ 1ಕ್ಕೆ, ಬಿರಡೆ ಹಾಕಿದ ಪೈಪ್ ಸುಮಾರು ಒಂದು ಅಡಿ. ಬಿಡುವಾದಾಗ ಹಾಳು ಮರದಲ್ಲಿ ಅಂಥದ್ದೊಂದು ಮಾಡಿ ಊದಿ. ನಿಮಗೆ ಚಟ ಹತ್ತುತ್ತದೆ.

ಹಾರ್ಮೋನಿಯಂ ರಿಪೇರಿ, ಮಂಡ್ಯ

ಶ್ರುತಿ ಹೇಗೆ ಮಾಡುತ್ತಾರೆ? ನಮ್ಮ ರೀಡನ್ನು ಕೆರೆದರೆ ಮುಗಿಯಿತು. ಇಲ್ಲಿ?

ಹುಣಸೂರು ಟು ಜರ್ಮನಿ

ಬಿರಡೆ ಇರುವ ಪೈಪಿಗೆ ಬಿರಡೆಯನ್ನು ಚೂರು ಮೇಲೆ ಕೆಳಗೆ ಮಾಡುತ್ತಾರೆ. ತೆರೆದ ಸಣ್ಣ ಪೈಪುಗಳ ಮೇಲ್ತುದಿಯನ್ನು ಹಿತ್ತಾಳೆಯ ಶಂಕುವಿನಿಂದ ಅಗಲ ಅಥವಾ ಸಂಕೋಚ ಮಾಡುವುದು ಹಳೇ ಪದ್ಧತಿ. ಕೈ ಪಳಗದವರು ಅದನ್ನು ಹಾಕಿದರೆ ಪೈಪಿನ ತಲೆ ಹರಿಯುತ್ತದೆ, ಕಾಲು ಕುಸಿಯುತ್ತದೆ. ಆದ್ದರಿಂದ ಶ್ರುತಿ ಕೊನೆಯ ಕೆಲಸ. ಗಾಳಿ ಸರಿಯಾಗದೆ ಶ್ರುತಿ ಮಾಡಲೇಬಾರದು. ಒತ್ತಡ ಎರಡು ಇಂಚಿಗೆ ಇಳಿದಿರುವಾಗ ಎಲ್ಲಾ ಪೈಪೂ ತಗ್ಗಿ ಕೇಳುತ್ತವೆ. ಆಗ ಯಾರಾದರೂ ಅವುಗಳನ್ನು ಏರಿಸಿಬಿಟ್ಟರೆ, ಒತ್ತಡ ಮೂರಕ್ಕೆ ಬಂದ ದಿನ ಎಲ್ಲಾ ಅಪಶ್ರುತಿ. ಅರ್ಧಕ್ಕರ್ಧ ಹಳೇ ಆರ್ಗನ್ನುಗಳು ಕೆಟ್ಟಿರುವುದು ಇಂಥ ರಿಪೇರಿಯಿಂದಲೇ ಅಂತ ನನ್ನ ಅಭಿಪ್ರಾಯ.

ಹಳೇ ಫಿಸಿಕ್ಸ್ ಮೇಷ್ಟ್ರು

ಹವೆಯನ್ನೂ ಸೇರಿಸಿಕೊಳ್ಳಿ. ಬಿಸಿ ಗಾಳಿಯಲ್ಲಿ ಶಬ್ದ ವೇಗವಾಗಿ ಓಡುತ್ತದೆ, ಪೈಪಿನ ಸ್ವರ ಏರುತ್ತದೆ. 20 ಡಿಗ್ರಿಯಲ್ಲಿ 440 ಇರುವ ಸ್ವರ 30 ಡಿಗ್ರಿಗೆ ಸುಮಾರು 447 ಆಗುತ್ತದೆ. ಜನವರಿಯ ಬೆಳಗಿನ ಆರಾಧನೆಗೂ ಏಪ್ರಿಲ್ ಮಧ್ಯಾಹ್ನದ ಮದುವೆಗೂ ಆರ್ಗನ್ ಒಂದೇ ಶ್ರುತಿಯಲ್ಲಿ ಇರುವುದಿಲ್ಲ. ಆದರೆ ಎಲ್ಲಾ ಪೈಪೂ ಒಟ್ಟಿಗೆ ಏರುವುದರಿಂದ ಒಳಗೊಳಗೆ ಜಗಳ ಇಲ್ಲ. ಜೊತೆಗೆ ಗಿಟಾರ್ ನುಡಿಸುವ ಹುಡುಗ ಮಾತ್ರ ತಂತಿ ಬಿಗಿದುಕೊಳ್ಳಬೇಕು.

ಹುಣಸೂರು ಟು ಜರ್ಮನಿ

ಸರಿಯಾಗಿ ಹೇಳಿದಿರಿ ಗುರುಗಳೇ. ಲೋಹದ ನಾಲಗೆ ಇರುವ ಟ್ರಂಪೆಟ್ ಜಾತಿಯ ಪೈಪಿದ್ದರೆ ಅದು ಬಿಸಿಗೆ ಅಷ್ಟಾಗಿ ಜಗ್ಗುವುದಿಲ್ಲ. ಆಗ ಅದನ್ನೇ ಉಳಿದವಕ್ಕೆ ಹೊಂದಿಸುತ್ತಾರೆ, ಉಳಿದವನ್ನು ಅದಕ್ಕಲ್ಲ. ಇವರ ಐದು ಸ್ಟಾಪಿನಲ್ಲಿ ಅದು ಇರುವ ಹಾಗೆ ಕಾಣುವುದಿಲ್ಲ.

ಯಾದವಗಿರಿಯವರೇ, ಬ್ಲೋವರ್ ಎಲ್ಲಿಟ್ಟಿದ್ದೀರಿ?

ಯಾದವಗಿರಿಯವನು

ಹೊರಗೆ, ಪಡುವಣ ವರಾಂಡದಲ್ಲಿ, ಶೀಟಿನ ಕೆಳಗೆ. ಒಳಗಿಟ್ಟರೆ ಸದ್ದು ಅಂತ ಮೊದಲಿಂದ ಅಲ್ಲೇ ಇದೆ. ಪಕ್ಕದಲ್ಲೇ ರಸ್ತೆ.

ಇನ್ನೊಂದು ಸುದ್ದಿ. ಆರ್ಗನ್ನಿನ ಎಡಗಡೆ ಒಂದು ಹಲಗೆ ಬಡಿದು ಮುಚ್ಚಿದ್ದರು. ತೆಗೆದರೆ ಒಳಗೆ ಕೈಯಲ್ಲಿ ಗಾಳಿ ಹೊಡೆಯುವ ಮರದ ಸನ್ನೆ ಇದೆ. ಹಿಡಿ ಸವೆದು ನುಣ್ಣಗಾಗಿದೆ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಸೀಸದ ಗುಂಡು ನೇತಾಡುತ್ತಿದೆ, ಅದು ಯಾಕೆ ಅಂತ ತಿಳಿಯಲಿಲ್ಲ. ತಿದಿಯ ಹಲಗೆಯ ಒಳಗೆ ಪೆನ್ಸಿಲಿನಲ್ಲಿ ಏನೋ ಬರೆದಿದೆ, ಓದಲು ಆಗುತ್ತಿಲ್ಲ.

ಹುಣಸೂರು ಟು ಜರ್ಮನಿ

ಪೆನ್ಸಿಲ್ ಬರಹವನ್ನು ಒರೆಸಬೇಡಿ! ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ಕಟ್ಟಿದವರು, ರಿಪೇರಿ ಮಾಡಿದವರು ಹೆಸರು, ತಾರೀಕು ಬರೆದಿಡುವುದು ಈ ಕಸುಬಿನ ರೂಢಿ. ತಿದಿಯ ಒಳಗೆ ಗಾಳಿ ಬಿಗಿಗೆ ಅಂತ ಹಳೇ ಲೆಕ್ಕದ ಹಾಳೆ, ಪತ್ರಿಕೆಯ ಹಾಳೆ ಅಂಟಿಸಿರುವುದೂ ಉಂಟು. ಅದೇ ನಿಮ್ಮ ಕಾಣೆಯಾದ ಫಲಕದ ಕೆಲಸ ಮಾಡಬಹುದು.

ಸೀಸದ ಗುಂಡು ತಿದಿ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ತಿದಿ ಏರಿದರೆ ಗುಂಡು ಇಳಿಯುತ್ತದೆ. ಗಾಳಿ ಹೊಡೆಯುವ ಹುಡುಗ ಅದನ್ನೇ ನೋಡಿಕೊಂಡು ಕೂತಿರಬೇಕಿತ್ತು. ಸನ್ನೆಯನ್ನು ಖಂಡಿತ ಉಳಿಸಿಕೊಳ್ಳಿ. ಕರೆಂಟ್ ಹೋದ ಭಾನುವಾರ ಊರಿನ ಕೀಬೋರ್ಡ್ ಎಲ್ಲಾ ಸುಮ್ಮನಾದರೂ ನಿಮ್ಮದು ನುಡಿಯುತ್ತದೆ.

ಬ್ಲೋವರ್ ಮಾತ್ರ ಅಲ್ಲಿಂದ ತೆಗೆಯಿರಿ. ಪಡುವಣ ಬಿಸಿಲಿನ ಶೀಟಿನ ಕೆಳಗಿನ ಗಾಳಿ, ರಸ್ತೆ ಧೂಳು, ಮಳೆಗಾಲದ ತೇವ, ಎಲ್ಲವನ್ನೂ ಹೀರಿ ಪೈಪಿನೊಳಗೆ ತಳ್ಳುತ್ತಿದೆ. ನಿಮ್ಮ ಮುಚ್ಚಳದ ಕೆಳಗಿನ ಕಸ ಅಲ್ಲಿಂದಲೇ ಬಂದಿರಬೇಕು. ಪೈಪುಗಳು ನಿಂತಿರುವ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳಬೇಕು ಅನ್ನುವುದು ನಿಯಮ. ಒಳಗೇ ದಪ್ಪ ಹಲಗೆಯ ಪೆಟ್ಟಿಗೆ ಮಾಡಿ, ಒಳಗೋಡೆಗೆ ಫೆಲ್ಟ್ ಅಂಟಿಸಿ, ಗಾಳಿ ಬರುವ ಬಾಯಿಗೆ ತೊಳೆಯಬಹುದಾದ ಜಾಲರಿ ಹಾಕಿ. ಮೋಟರಿಗೆ ಬಿಸಿ ಆಗದಷ್ಟು ಜಾಗ ಇರಲಿ.

ಲೆಕ್ಕ ಕೇಳುವವ

ನನ್ನ ಕಡೆಯಿಂದ ಒಂದು ಸಲಹೆ. ಕಮಿಟಿಗೆ ಇಡೀ ರಿಪೇರಿಯ ಲೆಕ್ಕ ಕೊಡಬೇಡಿ, ಹೆದರಿಕೊಳ್ಳುತ್ತಾರೆ. ಮೊದಲು ಹೆಂಚು ಮತ್ತು ತೇವದ ಗೋಡೆ. ಅದು ಹೇಗೂ ಮಾಡಲೇಬೇಕಾದ ಕೆಲಸ, ಬೇರೆ ಖಾತೆ. ಆಮೇಲೆ ತಿದಿಯ ಎರಡು ಮೂಲೆ ಮತ್ತು ಬ್ಲೋವರ್ ಪೆಟ್ಟಿಗೆ ಮಾತ್ರ. ಗಾಳಿ ನಿಂತ ಮೇಲೆ ಯಾವ ಸ್ವರ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಎಲ್ಲರ ಎದುರು ತೋರಿಸಿ. ಮುಂದಿನ ದುಡ್ಡು ಆಗ ಕೇಳಿ. ಗುಜರಿಗೆ ಕೊಡೋಣ ಅಂದವರನ್ನೇ ಬೆಲೆ ವಿಚಾರಿಸಲು ಕಳಿಸಿ, ಸೀಸದ ರೇಟು ಕೇಳಿ ಅವರೇ ಸುಮ್ಮನಾಗುತ್ತಾರೆ.

ಆಲ್ಟೋ ಅಕ್ಕ

ನೀವು ನಮ್ಮ ಕಮಿಟಿಗೆ ಬಂದುಬಿಡಿ!

ಯಾದವಗಿರಿಯವನು

ಹಾಗೇ ಮಾಡುತ್ತೇವೆ. ಸಭಾಪಾಲಕರ ಹತ್ತಿರ ಮಾತಾಡಿದೆ, ಹೆಂಚಿನ ಕೆಲಸಕ್ಕೆ ಒಪ್ಪಿದ್ದಾರೆ. ತಿದಿ ಬಿಚ್ಚುವ ದಿನ ಮರಗೆಲಸದ ಅಣ್ಣ ಮತ್ತು ಮಂಡ್ಯದವರು ಇಬ್ಬರೂ ಬರಬೇಕು. ಹುಣಸೂರಿನವರು ವಿಡಿಯೋ ಕಾಲ್‌ನಲ್ಲಿ ಇರುತ್ತೀರಾ? ಅಲ್ಲಿಯ ಬೆಳಗ್ಗೆ ಒಂಬತ್ತು ಅಂದರೆ ನಮಗೆ ಮಧ್ಯಾಹ್ನ. ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಬರಬಹುದು, ಆದರೆ ಪೈಪ್ ಎತ್ತುವ ಕೆಲಸ ಮುಗಿದ ಮೇಲೆ.

ಬ್ಲೋವರ್ ಸಿಂಗಲ್ ಫೇಸ್. ಈಗ ನೇರ ಪ್ಲಗ್ಗಿಗೆ ಹಾಕಿದ್ದಾರೆ. ಸಂಜೆ ವೋಲ್ಟೇಜ್ ಇಳಿದಾಗ ಮೋಟರ್ ಗುಂಯ್‌ಗುಡುತ್ತದೆ. ಸ್ಟೆಬಿಲೈಸರ್ ಹಾಕಿಸಬೇಕಾ?

ಹುಣಸೂರು ಟು ಜರ್ಮನಿ

ಹಾಕಿಸಿ. ಮೋಟರಿಗೆ ಬೇರೆ ಲೈನ್ ಎಳೆಸಿ, ಓವರ್‌ಲೋಡ್ ಕಟೌಟ್ ಇರುವ ಸ್ವಿಚ್ ಹಾಕಿಸಿ, ಅರ್ತಿಂಗ್ ನೋಡಿಸಿ. ಹಳೇ ವೈರಿಗೆ ಬಟ್ಟೆ ಹೊದಿಕೆ ಇದ್ದರೆ ಇವತ್ತೇ ಕಿತ್ತು ಹಾಕಿಸಿ, ಒಣ ಮರದ ಪಕ್ಕದಲ್ಲಿ ಅದು ಇರಬಾರದು. ತಿದಿ ಬಿಚ್ಚುವ ಮೊದಲು ನನಗೆ ನಾಲ್ಕೂ ಕಡೆಯ ಫೋಟೋ ಕಳಿಸಿ. ಅಂಟಿನ ಹಳಕು ನಾನು ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಚರ್ಮ ಮಾತ್ರ ನೀವೇ ಆರಿಸಿಕೊಂಡು ಬನ್ನಿ.